ನಿಂತು ತಿನ್ನುವ ಸುಖ

ಬೆಂಗಳೂರಿನ ಯಾವ ದರ್ಶಿನಿಗೆ ಹೋದರೂ ನಾನು ಮೊದಲು ಹುಡುಕುವುದು ದೋಸೆ ಕಾವಲಿಯನ್ನು. ಅಡುಗೆಮನೆಗೆ ಇಲ್ಲಿ ಮುಚ್ಚುಮರೆಯಿಲ್ಲ. ಟೋಕನ್ ಕೊಟ್ಟು ಅಲ್ಲೇ ನಿಂತು ನೋಡಬಹುದು. ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಸರ್ರನೆ ಗುಡಿಸುತ್ತಾರೆ. ಅದು ಬರೀ ಶುಚಿಗಲ್ಲ. ಕಾವು ಹದಕ್ಕಿಳಿಯದಿದ್ದರೆ ಹಿಟ್ಟು ಹರಡುವ ಮುಂಚೆಯೇ ಕಚ್ಚಿಕೊಳ್ಳುತ್ತದೆ. ಆಮೇಲೆ ಸಾಲಾಗಿ ಹಿಟ್ಟು, ಒಂದೇ ಅಳತೆಯ ಸುತ್ತುಗಳು, ಮೇಲೆ ತುಪ್ಪ, ಕೆಂಪು ಚಟ್ನಿ, ಪಲ್ಯ. ಒಬ್ಬರಿಗೆ ಸಾದಾ, ಇನ್ನೊಬ್ಬರಿಗೆ ಈರುಳ್ಳಿ ಬೇಡ. ಇಷ್ಟೆಲ್ಲ ಆ ಗಡಿಬಿಡಿಯಲ್ಲೂ ಅವರ ನೆನಪಿನಲ್ಲಿರುತ್ತದೆ. ಇದಕ್ಕಿಂತ ದೊಡ್ಡ ಕೈಚಳಕವನ್ನು ನಾನು ದುಬಾರಿ ಹೋಟೆಲುಗಳಲ್ಲೂ ಕಂಡಿಲ್ಲ.

1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ ಈ ಬಗೆಯ ಹೋಟೆಲುಗಳಿಗೆಲ್ಲ ಆ ಹೆಸರು ಅಂಟಿಕೊಂಡಿತು. ಕುರ್ಚಿಯಿಲ್ಲ, ಮಾಣಿಯಿಲ್ಲ, ಸ್ವಲ್ಪ ಜಾಗ ಸಾಕು, ಖರ್ಚು ಕಡಿಮೆ, ಬೆಲೆಯೂ ಕಡಿಮೆ. ನಿಂತು ತಿನ್ನುವ ರೂಢಿ ಮಾತ್ರ ಅದಕ್ಕೂ ಹಳೆಯದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಅಲ್ಲಿ ಇಡ್ಲಿಗೆ ಸಾಂಬಾರೇ ಇಲ್ಲ! ಚಟ್ನಿ ಬೇಕಾದಷ್ಟು ಹಾಕಿಸಿಕೊಳ್ಳಿ. ಆ ಚಟ್ನಿಯ ಮೇಲೆ ಅವರಿಗಿರುವ ನಂಬಿಕೆ ಸುಮ್ಮನೆ ಬಂದದ್ದಲ್ಲ.

ದರ್ಶಿನಿಯಲ್ಲಿ ನಿಂತು ತಿನ್ನುವ ಕಟ್ಟೆಯ ಸುತ್ತ ಆಟೋ ಚಾಲಕರು, ಸಾಫ್ಟ್‌ವೇರ್ ಹುಡುಗಿ, ವಾಕಿಂಗ್ ಮುಗಿಸಿದ ಅಜ್ಜ, ಎಲ್ಲರ ಕೈಯಲ್ಲೂ ಅದೇ ಸ್ಟೀಲ್ ತಟ್ಟೆ. "ಸ್ವಲ್ಪ ಜರುಗಿ ಸಾರ್" ಅಂದರೆ ಸಾಕು, ಇನ್ನೊಂದು ತಟ್ಟೆಗೆ ಜಾಗವಾಗುತ್ತದೆ. ಚೌಚೌ ಬಾತ್ ಮುಗಿಸಿದವರು ಬೈಟು ಕಾಫಿ ಹೇಳುತ್ತಾರೆ.