ಮಂಪರಿನ ಆಳ

ಐವಿಎಫ್‌ಗಾಗಿ ಅಂಡಾಣು ತೆಗೆಯುವ ದಿನ ಬೆಳಿಗ್ಗೆ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ಹೆಚ್ಚೂಕಡಿಮೆ ಒಂದೇ ಪ್ರಶ್ನೆ: ‘ಮೇಡಂ, ಪೂರ್ತಿ ಎಚ್ಚರ ತಪ್ಪಿಸ್ತೀರಾ, ಬರೀ ಮಂಪರಾ?’ ಅರಿವಳಿಕೆಯವಳಾಗಿ ನಾನು ಹೇಳುವುದಿಷ್ಟು: ಸೆಡೇಶನ್ನಿಗೂ ಜನರಲ್ ಅನಸ್ತೇಶಿಯಾಕ್ಕೂ ನಡುವೆ ಇರುವುದು ಇಳಿಜಾರು. ಎಲ್ಲಿ ನಿಲ್ಲಿಸಬೇಕೆಂಬುದೇ ನಮ್ಮ ವಿದ್ಯೆ.

1978ರಲ್ಲಿ ಹುಟ್ಟಿದ, ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್‌ಗಾಗಿ ಪ್ಯಾಟ್ರಿಕ್ ಸ್ಟೆಪ್ಟೋ ಅಂಡಾಣು ತೆಗೆದದ್ದು ಲ್ಯಾಪರೋಸ್ಕೋಪ್‌ನಿಂದ. ಹೊಟ್ಟೆಗೆ ಗ್ಯಾಸ್ ತುಂಬುವ ಆ ಕೆಲಸಕ್ಕೆ ಗಾಢ ಅರಿವಳಿಕೆಯೇ ಬೇಕು. ಅದೇ ವರ್ಷ ಕಲ್ಕತ್ತಾದಲ್ಲಿ ಹುಟ್ಟಿದ, ಭಾರತದ ಮೊದಲ ಐವಿಎಫ್ ಮಗು ದುರ್ಗಾಳಿಗಾಗಿ ಡಾ. ಸುಭಾಷ್ ಮುಖರ್ಜಿ ಯೋನಿಮಾರ್ಗವನ್ನೇ ಹಿಡಿದಿದ್ದರು. ಅವರನ್ನು ಸರ್ಕಾರದ ಸಮಿತಿ ನಂಬಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ. ಎಂಬತ್ತರ ದಶಕದಲ್ಲಿ ಸ್ಕ್ಯಾನಿಂಗ್ ನೋಡಿಕೊಂಡು ಸೂಜಿ ಹಾಕುವುದು ರೂಢಿಯಾಯಿತು. ಈಗ ಎಗ್ ಪಿಕಪ್ ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷದ ಕೆಲಸ.

ಇದಕ್ಕೆ ಹೇಳಿ ಮಾಡಿಸಿದ ಔಷಧ ಪ್ರೊಪೊಫಾಲ್, ಹಾಲಿನಂತೆ ಬೆಳ್ಳಗಿನ ದ್ರವ. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಇದನ್ನು ರೂಪಿಸಿದ ಜಾನ್ ಗ್ಲೆನ್ ಮೂಲತಃ ಪಶುವೈದ್ಯರು. 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಬೇಗ ಮಲಗಿಸುತ್ತದೆ, ಬೇಗ ಎಬ್ಬಿಸುತ್ತದೆ, ವಾಂತಿ ಕಡಿಮೆ. ಔಷಧದ ಅಂಶ ಅಂಡಕೋಶದ ದ್ರವಕ್ಕೂ ಇಳಿಯುತ್ತದೆ, ನಿಜ. ಆದರೆ ಅದರಿಂದ ಗರ್ಭ ನಿಲ್ಲುವುದಕ್ಕೆ ತೊಂದರೆಯಾಗುತ್ತದೆಂದು ಸ್ಪಷ್ಟವಾಗಿ ಕಂಡಿಲ್ಲ.

ಅಂಡಾಶಯದ ಪಕ್ಕದಲ್ಲೇ ದೊಡ್ಡ ರಕ್ತನಾಳಗಳಿವೆ. ಸೂಜಿ ಒಳಗಿರುವಾಗ ಸೊಂಟ ಅಲುಗಬಾರದು. ಮಿಡಜೋಲಮ್, ಫೆಂಟನಿಲ್‌ಗಳ ತೆಳು ಮಂಪರಿನಲ್ಲಿ ಕೆಲವರು ನೋವಿಗೆ ಬೆಚ್ಚುತ್ತಾರೆ. ಗರ್ಭಕೊರಳಿನ ಬಳಿ ಲೋಕಲ್ ಇಂಜೆಕ್ಷನ್ ಸೇರಿಸಿದರೆ ಎಷ್ಟೋ ವಾಸಿ. ಆಳಕ್ಕೆ ಇಳಿಸಿದರೆ ಅಲುಗಾಟ ನಿಲ್ಲುತ್ತದೆ, ಜೊತೆಗೆ ಉಸಿರೂ ಸಡಿಲವಾಗುತ್ತದೆ. ಮಿಡಜೋಲಮ್, ಫೆಂಟನಿಲ್‌ಗಳಿಗೆ ಪ್ರತಿಮದ್ದು ಉಂಟು, ಪ್ರೊಪೊಫಾಲ್‌ಗೆ ಇಲ್ಲ. ಆದ್ದರಿಂದ ‘ಬರೀ ಮಂಪರು’ ಎಂಬ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ. ಸೂಜಿ ಹಾಕುವವರೇ ಮಂಪರನ್ನೂ ನೋಡಿಕೊಳ್ಳುವುದು ನನಗೆ ಒಪ್ಪಿತವಲ್ಲ. ಆಕ್ಸಿಜನ್ ಹಾಕಿರುವಾಗ ಬೆರಳಿನ ಆಕ್ಸಿಮೀಟರ್ ಅಪಾಯವನ್ನು ತಡವಾಗಿ ಹೇಳುತ್ತದೆ; ಕ್ಯಾಪ್ನೋಗ್ರಾಫ್ ಉಸಿರು ನಿಂತ ಕೂಡಲೇ ತೋರಿಸುತ್ತದೆ. ಅದು ಇದೆಯೇ ಎಂದು ಮೊದಲೇ ಕೇಳಿ, ಸಂಕೋಚ ಬೇಡ.

ಆರೋಗ್ಯವಂತೆಗೆ, ಹೊಟ್ಟೆ ಖಾಲಿಯಿದ್ದರೆ, ಸ್ವಂತ ಉಸಿರಾಟದ ಪ್ರೊಪೊಫಾಲ್ ಮಂಪರೇ ನನ್ನ ಆಯ್ಕೆ. ತೀರಾ ಸ್ಥೂಲಕಾಯವಿದ್ದು ಹುಳಿತೇಗು ಜೋರಾಗಿದ್ದರೆ ಟ್ಯೂಬ್ ಹಾಕಿ ಜನರಲ್ ಕೊಡುವುದೇ ಕ್ಷೇಮ.

ಇನ್ನು ಕಾಫಿಯ ವಿಷಯ. ಹಾಲು ಹಾಕಿದ ಕಾಫಿಗೂ ತಿಂಡಿಯಂತೆ ಆರು ಗಂಟೆಯ ನಿಯಮ. ಬರೀ ನೀರಿಗೆ ಎರಡು ಗಂಟೆ. ನಿಯಮ ತಪ್ಪಿ ಕುಡಿದು ಬಂದರೆ, ಬೇರೆ ಆಪರೇಷನ್ನಾದರೆ ಮುಂದೂಡಬಹುದು. ಇಲ್ಲಿ ಅಂಡಾಣು ಪಕ್ವವಾಗಿಸುವ ಟ್ರಿಗರ್ ಇಂಜೆಕ್ಷನ್ ಆಗಿ ಸುಮಾರು 36 ಗಂಟೆಗೆ ಅಂಡಾಣು ತೆಗೆಯದಿದ್ದರೆ ಅವು ತಾವಾಗಿಯೇ ಬಿಡುಗಡೆಯಾಗಿ ಕೈತಪ್ಪಿಹೋಗಬಹುದು. ಕಾಫಿ ಕುಡಿದಿದ್ದರೆ ಮುಚ್ಚಿಡದೆ ಹೇಳಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಎಚ್ಚರವಿದ್ದಂತೆಯೇ ಕೆಲಸ ಮುಗಿಸುವ ದಾರಿ ನಮಗಿದೆ.