ಗ್ಲಾಸಿನ ಮೇಲೆ ಒಂದು ಕೈ

ಬಾರಿನ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಮೂರು ವಿಷಯ ನೋಡುತ್ತಾರೆ: ಕುಡಿಯಲು ಏನಿದೆ, ತಿನ್ನಲು ಏನಿದೆ, ಕೂರಲು ಹೇಗಿದೆ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿರುವ ‘ಜೂಲಿಯಸ್’ ಎಂಬ ಹಳೆಯ ಗೇ ಬಾರಿನ ವಿಷಯದಲ್ಲಿ ನಾಲ್ಕನೆಯದೊಂದು ಇದೆ: ತುಂಬಿದ ಗ್ಲಾಸು ಗಿರಾಕಿಯ ಕೈ ಸೇರುತ್ತದೆಯೇ?

ನ್ಯೂ ಜೆರ್ಸಿಯಿಂದ ಪಾತ್ ರೈಲು ಹಿಡಿದು ಕ್ರಿಸ್ಟೋಫರ್ ಸ್ಟ್ರೀಟಿನಲ್ಲಿ ಇಳಿದರೆ ನಡಿಗೆ ಹತ್ತು ನಿಮಿಷವೂ ಇಲ್ಲ. ನನಗೆ ಈ ಜಾಗ ತೋರಿಸಿದವರು ನಮ್ಮ ಕನ್ನಡ ಕೂಟದ ಹಿರಿಯ ಗೆಳೆಯರು, ಹಾಸನದ ಕಡೆಯವರು. ಅವರು ಸಲಿಂಗಿ ಎಂಬುದು ಕೂಟದಲ್ಲಿ ಮೂರ್ನಾಲ್ಕು ಜನರಿಗಷ್ಟೇ ಗೊತ್ತು. ಉಳಿದವರು ಯುಗಾದಿಗೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ತಪ್ಪದೆ ಅವರ ಮದುವೆಯ ಮಾತು ತೆಗೆಯುತ್ತಾರೆ. 2018ರ ಸೆಪ್ಟೆಂಬರಿನಲ್ಲಿ ಭಾರತದ ಸುಪ್ರೀಂ ಕೋರ್ಟ್ 377ನೇ ಕಲಮಿನ ಹಿಡಿತದಿಂದ ವಯಸ್ಕ ಸಲಿಂಗಿಗಳನ್ನು ಬಿಡಿಸಿದಾಗ ಅವರು ಸಂಭ್ರಮಿಸಿದ್ದು ಕೂಟದಲ್ಲಲ್ಲ, ಇಲ್ಲಿ. “ಇಲ್ಲಿ ನನ್ನನ್ನ ಯಾರೂ ಏನೂ ಕೇಳಲ್ಲ ಕಣೋ, ಏನು ಕುಡೀತೀಯ ಅಂತ ಬಿಟ್ರೆ,” ಎಂದರು.

ಒಳಗೆ ಹಳೆಯ ಮರ, ಮೇಜಿನಂತೆ ನಿಲ್ಲಿಸಿದ ಬೀರಿನ ಪೀಪಾಯಿಗಳು, ಗೋಡೆ ತುಂಬ ಫೋಟೊ. ಕಾಕ್‌ಟೇಲಿನಲ್ಲಿ ಹೊಗೆ ಬಿಡುವ, ಹೂವು ತೇಲಿಸುವ ಚಾಳಿ ಇಲ್ಲ. ನಾನು ಕುಡಿದ ಮ್ಯಾನ್‌ಹ್ಯಾಟನ್‌ನಲ್ಲಿ ವಿಸ್ಕಿ, ಸಿಹಿ ವರ್ಮೂತ್, ಕೆಲವು ಹನಿ ಬಿಟರ್ಸ್, ಅಷ್ಟೆ. ಅಳತೆ ಮಾತ್ರ ಧಾರಾಳ. ಇಲ್ಲಿನ ಬರ್ಗರ್ ಹೆಸರುವಾಸಿ. ದನದ ಮಾಂಸ ನಾನು ತಿನ್ನುವುದಿಲ್ಲವಾದ್ದರಿಂದ, ಆಡಿಟ್ ಭಾಷೆಯಲ್ಲಿ ಹೇಳುವುದಾದರೆ, ಇನ್ನೊಬ್ಬ ಆಡಿಟರ್ ಕೊಟ್ಟ ವರದಿಯನ್ನು ನಂಬಿ ಸಹಿ ಹಾಕುತ್ತಿದ್ದೇನೆ: ಗೆಳೆಯರು ಎರಡನೆಯದನ್ನೂ ತರಿಸಿಕೊಂಡರು.

1966ರ ಏಪ್ರಿಲ್ 21ರಂದು ಇದೇ ಬಾರಿಗೆ ಮ್ಯಾಟಶೀನ್ ಸೊಸೈಟಿಯ ಡಿಕ್ ಲೀಚ್ ಮತ್ತು ಸಂಗಡಿಗರು, ಸೂಟು ಟೈ ತೊಟ್ಟು, ಪತ್ರಕರ್ತರನ್ನು ಜೊತೆಗಿಟ್ಟುಕೊಂಡು ಬಂದರು. ತಾವು ಸಲಿಂಗಿಗಳೆಂದು ಮೊದಲೇ ಹೇಳಿ ಡ್ರಿಂಕ್ ಕೇಳುವುದು, ನಿರಾಕರಿಸಿದರೆ ಅದನ್ನೇ ಹಿಡಿದು ಹೋರಾಡುವುದು ಅವರ ಯೋಜನೆ. ನಿರಾಕರಣೆ ಸಿಗುವುದೇ ಕಷ್ಟವಾಯಿತು, ಪಾಪ. ಅದಕ್ಕೂ ಮೊದಲು ಹೋದ ಒಂದು ಕಡೆ ಬಾಗಿಲು ಹಾಕಿತ್ತು, ಇನ್ನೆರಡು ಕಡೆ ಕೇಳಿದ್ದನ್ನು ಕೊಟ್ಟೇಬಿಟ್ಟರು. ಜೂಲಿಯಸ್‌ನಲ್ಲಿ ಬಾರ್‌ಟೆಂಡರ್ ಗ್ಲಾಸಿನ ಬಾಯಿಗೆ ಅಂಗೈ ಅಡ್ಡ ಇಟ್ಟ. ಫ್ರೆಡ್ ಮೆಕ್‌ಡಾರಾ ತೆಗೆದ ಆ ಫೋಟೊ ಇಂದು ಚರಿತ್ರೆಯ ಪುಸ್ತಕಗಳಲ್ಲಿದೆ.

ಆ ಕೈಯನ್ನು ದ್ವೇಷದ ಕೈ ಎಂದು ಓದುವವರುಂಟು. ನನಗೆ ಅದು ಲೈಸೆನ್ಸಿನ ಚಿಂತೆಯ ಕೈಯಾಗಿ ಕಾಣುತ್ತದೆ. ಸಲಿಂಗಿಗಳು ಸೇರುವ ಜಾಗವೇ ಅಶಿಸ್ತಿನ ಜಾಗವೆಂದು ಲೆಕ್ಕ ಹಿಡಿದು ಮದ್ಯದ ಲೈಸೆನ್ಸ್ ಕಿತ್ತುಕೊಳ್ಳುವ ಕಾಲ ಅದು. ಜೂಲಿಯಸ್ ಮೇಲೆ ಆಗತಾನೇ ಪೊಲೀಸ್ ದಾಳಿಯೂ ಆಗಿತ್ತು. ಹೀಗೆ ಮರ್ಯಾದಸ್ಥ ವ್ಯಾಪಾರಿ ಹಿಂದೆ ಸರಿದರೆ ಆ ಗಿರಾಕಿಗಳು ಯಾರ ಪಾಲಾಗುತ್ತಾರೆ? ಹತ್ತಿರದಲ್ಲೇ ಇದ್ದ, 1969ರ ದಂಗೆಯಿಂದ ಜಗತ್ಪ್ರಸಿದ್ಧವಾದ ಸ್ಟೋನ್‌ವಾಲ್ ಮಾಫಿಯಾದ ಕೈಯಲ್ಲಿತ್ತು. ಲೈಸೆನ್ಸ್ ಇರಲಿಲ್ಲ, ಗ್ಲಾಸು ತೊಳೆಯಲು ನಲ್ಲಿ ನೀರಿರಲಿಲ್ಲ, ಮದ್ಯಕ್ಕೆ ಮಾತ್ರ ನೀರು ಬೀಳುತ್ತಿತ್ತು. ಬೇರೆಲ್ಲೂ ಹೋಗಲಾರದ ಗಿರಾಕಿಗೆ ಒಳ್ಳೆಯ ಮಾಲು ಯಾಕೆ ಕೊಡಬೇಕು? ಬಿಕಾಂ ಮೊದಲ ವರ್ಷದಲ್ಲಿ ಏಕಸ್ವಾಮ್ಯದ ಪಾಠ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದಲೇ ‘ಈ ಗೇ ಬಾರಿನಲ್ಲಿ ಕಾಕ್‌ಟೇಲ್ ಚೆನ್ನಾಗಿದೆ’ ಎಂಬ ಮಾತು ನನಗೆ ಹಗುರವಾಗಿ ಕೇಳಿಸುವುದಿಲ್ಲ. ಒಮ್ಮೆ ಗೆಳೆಯರು ಐಸ್ ಕರಗಿ ಸಪ್ಪೆಯಾಗಿದೆ ಎಂದು ಗ್ಲಾಸನ್ನು ವಾಪಸ್ ತಳ್ಳಿದರು. ಬಾರ್‌ಟೆಂಡರ್ ಕ್ಷಮೆ ಕೇಳಿ ಬೇರೆ ಮಾಡಿಕೊಟ್ಟ. ಕೂಟದ ಊಟದಲ್ಲಿ ಸಾರು ಸಪ್ಪೆಯಾಗಿದ್ದರೂ ಸೊಲ್ಲೆತ್ತದ ಮನುಷ್ಯ ಅವರು.

ನಮ್ಮ ನ್ಯೂ ಜೆರ್ಸಿಯ ಸುಪ್ರೀಂ ಕೋರ್ಟ್ 1967ರಲ್ಲೇ, ಸಲಿಂಗಿಗಳು ಸೇರುತ್ತಾರೆಂಬ ಒಂದೇ ಕಾರಣಕ್ಕೆ ಬಾರಿನ ಲೈಸೆನ್ಸಿಗೆ ಕೈ ಹಾಕುವಂತಿಲ್ಲ ಎಂದಿತು. ಆ ಮೊಕದ್ದಮೆಯಲ್ಲಿದ್ದ ಬಾರುಗಳಲ್ಲೊಂದು, ನಾವು ವಾರದ ತರಕಾರಿ ತರಲು ಹೋಗುವ ನ್ಯೂ ಬ್ರನ್ಸ್‌ವಿಕ್ಕಿನದು.

ಕೊರತೆಗಳಿಲ್ಲವೆಂದಲ್ಲ. 2022ರಲ್ಲಿ ನ್ಯೂಯಾರ್ಕ್ ನಗರ ಈ ಕಟ್ಟಡವನ್ನು ಸಂರಕ್ಷಿತ ಸ್ಮಾರಕ ಎಂದು ಸಾರಿತು. ಹಾಗಾಗಿ ಕುಡಿಯಲು ಬಂದವರ ಮೊಣಕೈ ತಳ್ಳಿಕೊಂಡು ಗೋಡೆಯ ಫೋಟೊದ ಫೋಟೊ ತೆಗೆಯುವವರೂ ಬರುತ್ತಾರೆ. ಶನಿವಾರ ರಾತ್ರಿ ಪಕ್ಕದವರ ಮಾತು ಕೇಳಿಸದಷ್ಟು ಗದ್ದಲ. ವಾರದ ನಡುವೆ, ಆಫೀಸು ಬಿಡುವುದಕ್ಕೆ ಸ್ವಲ್ಪ ಮುಂಚೆ ಹೋಗಿ. ಆ ಹೊತ್ತಿನಲ್ಲಿ ಕೌಂಟರಿನ ಉದ್ದಕ್ಕೂ ಎಪ್ಪತ್ತು ದಾಟಿದ ಗಂಡಸರು ಒಬ್ಬೊಬ್ಬರೇ ಕೂತು ಪೇಪರ್ ಓದುತ್ತಿರುತ್ತಾರೆ. ಅವರ ಮುಂದಿನ ಗ್ಲಾಸು, ಕೇಳುವ ಮೊದಲೇ ತುಂಬುತ್ತದೆ.