ಜಾಮ್ ಆದ ಇಂಜಿನ್ನಿಗೆ ಹೆದರಬೇಡಿ

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ತೋಟದ ಮನೆಗಳ ಕೊಟ್ಟಿಗೆಯಲ್ಲಿ, ಗೊಬ್ಬರದ ಚೀಲಗಳ ಹಿಂದೆ, ಹಳೆಯ ಯೆಜ್ಡಿಯೋ ಯಮಹಾ ಆರ್‌ಎಕ್ಸ್ 100 ಗಾಡಿಯೋ ನಿಂತಿರುವುದು ಅಪರೂಪವಲ್ಲ. ಅದನ್ನು ಕೊಂಡು ರಿಪೇರಿ ಮಾಡಿ ಓಡಿಸುವ ಆಸೆಯಿಂದ ಹೋದವರು ಮೊದಲು ಕೇಳುವುದು ‘ಸ್ಟಾರ್ಟ್ ಆಗ್ತದಾ?’ ಎಂದು. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕಿಕ್ ಹೊಡೆದೊಡನೆ ಎದ್ದ ಗಾಡಿಗೆ ಮಾಲೀಕರು ರೇಟು ಏರಿಸುತ್ತಾರೆ, ಜಾಮ್ ಆದದ್ದಕ್ಕೆ ಇಳಿಸುತ್ತಾರೆ. ಆದರೆ ಹಣ ಕೊಟ್ಟು ಸರಿಮಾಡಿಸಬಹುದಾದದ್ದು ಇಂಜಿನ್. ಎಷ್ಟು ಸುರಿದರೂ ಸಿಗದಿರುವುದು ನಂಬರ್ ಅಳಿಯದ ನೇರ ಚಾಸಿ, ಅದಕ್ಕೆ ಹೊಂದುವ ಆರ್‌ಸಿ.

ಈ ಸೀಮೆಯಲ್ಲಿ ‘ಓಡುವ ಇಂಜಿನ್’ ಎಂಬ ಮಾತಿಗೆ ಬೆಲೆ ಇನ್ನೂ ಕಡಿಮೆ. ಇವೆಲ್ಲ ಟೂ ಸ್ಟ್ರೋಕ್ ಗಾಡಿಗಳು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಒಳಗಿನ ಪಿಸ್ಟನ್ನಿಗೆ, ಬೇರಿಂಗಿಗೆ ತಲುಪುವ ಎಣ್ಣೆಯೆಲ್ಲ ಆ ಪೆಟ್ರೋಲಿನ ಜೊತೆಗೇ ಹೋಗಬೇಕು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಸವಾರ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನ ಹಿಡಿತದಲ್ಲೇ ಬರುತ್ತಾನೆ. ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಹನಿಯಷ್ಟು. ಆರ್‌ಎಕ್ಸ್ 100ರಲ್ಲಿ ಆಯಿಲ್‌ಗೆ ಬೇರೆ ಪಂಪ್ ಇದೆ ನಿಜ, ಆದರೆ ಅದೂ ಆಕ್ಸಿಲರೇಟರ್ ಕೇಬಲ್ಲಿನ ಅಳತೆಗೆ ತಕ್ಕಂತೆ ಹರಿಸುವಂಥದ್ದು. ವರ್ಷಗಟ್ಟಲೆ ಹೀಗೆ ಘಾಟಿ ಇಳಿದ ಇಂಜಿನ್ ಇವತ್ತು ಎದ್ದರೂ ಒಳಗೆ ಸವೆದಿರುವ ಸಂಭವವೇ ಹೆಚ್ಚು. ಹೇಗೂ ಬಿಚ್ಚಲೇಬೇಕಾದದ್ದಕ್ಕೆ ಹೆಚ್ಚು ದುಡ್ಡೇಕೆ? ಬೋರ್ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕುವುದು, ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಕೂರಿಸುವುದು ಪಳಗಿದ ಲೇತ್‌ನವರಿಗೆ ಗೊತ್ತಿರುವ ಕೆಲಸ, ಖರ್ಚನ್ನು ಮೊದಲೇ ಕೇಳಿಕೊಳ್ಳಬಹುದು. ಇಂಜಿನ್ನಿನಲ್ಲಿ ನೋಡಲೇಬೇಕಾದದ್ದು ಹೊರಗಿನ ಕೇಸ್. ಚೈನ್ ತುಂಡಾಗಿ ಬಡಿದು ಒಡೆದಿದೆಯೇ, ವೆಲ್ಡಿಂಗ್ ಮಾಡಿ ಬಣ್ಣ ಬಳಿದಿದ್ದಾರೆಯೇ ಎಂದು ಬೆರಳಾಡಿಸಿ ನೋಡಿ.

ಚಾಸಿಯ ಶತ್ರು ಬರೀ ಮಳೆಯಲ್ಲ. ತೋಟದ ಗಾಡಿ ಯೂರಿಯಾ ಹೊತ್ತಿದೆ, ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತ ಹೊತ್ತಿದೆ. ಮೈಲುತುತ್ತದ ನೀರು ತಾಗಿದ ಕಬ್ಬಿಣ ಕರಗುತ್ತದೆ. ಆದ್ದರಿಂದ ಸೀಟು ತೆಗೆಸಿ ಅದರ ಕೆಳಗೆ, ಬ್ಯಾಟರಿ ಕೂರುವಲ್ಲಿ, ಹಿಂದಿನ ಫೋರ್ಕ್ ಚಾಸಿಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಬೇಕು. ಮೇಲುಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ತುದಿ ಒಳಹೊಕ್ಕರೆ ಆ ಗಾಡಿಯ ಮಾತು ಅಲ್ಲಿಗೇ ಮುಗಿಯಿತು. ಟ್ಯಾಂಕ್, ಮಡ್‌ಗಾರ್ಡ್, ಸೈಲೆನ್ಸರ್ ಬೇರೆ ಸಿಗುತ್ತವೆ, ಅವುಗಳ ಅಂದಚೆಂದಕ್ಕೆ ಮರುಳಾಗಬೇಡಿ.

ಇನ್ನು ಕಾಗದಪತ್ರ. ಆರ್‌ಸಿ ಅವಧಿ ಮುಗಿದಿದ್ದರೆ ಗಾಬರಿಯಿಲ್ಲ. ಹದಿನೈದು ವರ್ಷದ ನಂತರ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಲು ಅವಕಾಶವಿದೆ. ತಡವಾದ ದಂಡ, ಹಸಿರು ತೆರಿಗೆಯನ್ನು ಗಾಡಿಯ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ಫಾರಂ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಮೇಲೆ ನಿಮಗೆ 29 ಮತ್ತು 30. ಚಿಕ್ಕಮಗಳೂರಿನ ಕೆಎ 18 ನಂಬರಿನ ಗಾಡಿಯಾದರೆ ಓಡಾಟ ಕಡಿಮೆ, ಬೇರೆ ಜಿಲ್ಲೆಯದಾದರೆ ಹೆಚ್ಚು. ಆದರೆ ಚಾಸಿಯ ನಂಬರ್ ಆರ್‌ಸಿಯೊಂದಿಗೆ ಹೊಂದದಿದ್ದರೆ ಅದಕ್ಕೆ ಪರಿಹಾರವಿಲ್ಲ, ಕಳವಿನ ಮಾಲು ಆಗಿರಲೂಬಹುದು.

‘ತೋಟದೊಳಗೇ ಓಡಿಸ್ತೇವೆ, ಪೇಪರ್ ಯಾಕೆ?’ ಎನ್ನುವವರಿದ್ದಾರೆ. ಬಹಳಷ್ಟು ತೋಟಗಳ ನಡುವೆಯೇ ಪಂಚಾಯಿತಿ ರಸ್ತೆ ಹಾದುಹೋಗುತ್ತದೆ. ಅಲ್ಲಿ ವಿಮೆಯಿಲ್ಲದ ಗಾಡಿ ಒಬ್ಬರಿಗೆ ತಾಗಿದರೆ ಪರಿಹಾರದ ಹೊರೆ ಮಾಲೀಕನ ಮೇಲೇ. ‘ವಿಂಟೇಜ್ ಅಂತ ಮಾಡಿಸಿಬಿಡ್ತೇವೆ’ ಎಂಬುದು ಇನ್ನೊಂದು ವಾದ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಗಾಡಿಗೆ ಮಾತ್ರ ಆ ಸೌಲಭ್ಯ. ಹಳೆಯ ಜಾವಾಗಳಿಗೆ ಅದು ಸಿಕ್ಕೀತು, 1985ರಲ್ಲಿ ಬಂದ ಆರ್‌ಎಕ್ಸ್ 100ಕ್ಕೆ 2035ರವರೆಗೆ ಇಲ್ಲ. ಸಿಕ್ಕರೂ ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದೇ ಹೊರತು ದಿನವೂ ಪೇಟೆಗೆ ಹೋಗಿಬರುವಂತಿಲ್ಲ. ದಿನದ ಓಡಾಟಕ್ಕೇ ಗಾಡಿ ಬೇಕೆಂದರೆ ಹೊಸದನ್ನು ಕೊಳ್ಳುವುದು ಮೇಲು ಎಂಬ ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಹಳೆಯ ಟೂ ಸ್ಟ್ರೋಕ್ ಬೇಕಾದದ್ದು ಅದನ್ನು ಬಿಚ್ಚಿ ಕಟ್ಟುವ ಕೆಲಸವನ್ನೇ ಇಷ್ಟಪಡುವವರಿಗೆ.

ಅಂಥವರಿಗೆ ನನ್ನ ತೀರ್ಮಾನ ಇಷ್ಟು: ಪೇಪರ್ ಸರಿಯಿದ್ದು ಚಾಸಿ ಗಟ್ಟಿಯಿದ್ದರೆ ಜಾಮ್ ಆದ ಯೆಜ್ಡಿಯನ್ನು ಧೈರ್ಯವಾಗಿ ಮನೆಗೆ ತನ್ನಿ, ನಂಬರ್ ಹೊಂದದ ಆರ್‌ಎಕ್ಸ್ ಪುಕ್ಕಟೆ ಸಿಕ್ಕರೂ ಮುಟ್ಟಬೇಡಿ. ಕೊಟ್ಟಿಗೆಯಲ್ಲಿ ಹಳೆಯ ಗಾಡಿ ಇರುವ ಮನೆಯವರಲ್ಲೂ ಒಂದು ಕೋರಿಕೆ. ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ದಯವಿಟ್ಟು ಬೀರುವಿನಲ್ಲಿ ಅದರ ಆರ್‌ಸಿ ಪುಸ್ತಕ ಇದೆಯೇ ಎಂದು ಹುಡುಕಿ ನೋಡಿ.